ಶೆಡ್ಡಿನ ಲೆಕ್ಕ, ಹಿತ್ತಲ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಕೋಳಿ ಸಾಕಬೇಕು ಅನ್ನುವವರು ಮೊದಲು ಕೇಳುವುದು ಲಾಭ ಎಷ್ಟು ಅಂತ. ನಾನು ತಿರುಗಿಸಿ ಕೇಳುತ್ತೇನೆ: ಮೇವು ನೀವು ಕೊಂಡು ಹಾಕುತ್ತೀರೋ, ಕೋಳಿಯೇ ಹುಡುಕಿಕೊಳ್ಳಬೇಕೋ?

ಬ್ರಾಯ್ಲರ್ ಶೆಡ್ಡಿನಲ್ಲಿ ಎಲ್ಲವೂ ಕೊಂಡದ್ದೇ. 40 ಗ್ರಾಂ ತೂಗುವ ಮರಿ ಸುಮಾರು 40 ದಿನದಲ್ಲಿ ಎರಡು ಕಿಲೋ ಆಗುತ್ತದೆ. ಕಂಪನಿ ಜೊತೆ ಒಪ್ಪಂದ ಇದ್ದರೆ ಮರಿ, ಫೀಡು, ಔಷಧ ಅವರದು. ಶೆಡ್ಡು, ನೀರು, ಕರೆಂಟು, ನಿದ್ದೆಗೇಡು ನಮ್ಮದು. ಕೂಲಿ ಕಿಲೋ ಲೆಕ್ಕದಲ್ಲಿ ಬರುತ್ತದೆ. ಮೊದಲ ವಾರ 33 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ಸೇರಿದರೆ ಚಳಿ ಅಂತ ಅರ್ಥ. ದೂರ ಸರಿದು ಬಾಯಿ ಬಿಟ್ಟರೆ ಸೆಕೆ. ಬೇಸಿಗೆಯಲ್ಲಿ ಕಷ್ಟ ಬರುವುದು ಕೊನೆಯ ವಾರ. ಮಾರಾಟಕ್ಕೆ ಬಂದ ದಪ್ಪ ಕೋಳಿಗಳೇ ಬಿಸಿಲಿಗೆ ಮೊದಲು ಸಾಯುತ್ತವೆ.

ಒಮ್ಮೆ ನಾನು ಇಪ್ಪತ್ತು ಬ್ರಾಯ್ಲರ್ ಮರಿ ತಂದು ಸುಮ್ನೆ ಹಿತ್ತಲಿಗೆ ಬಿಟ್ಟೆ. ನಾಟಿ ಆಗ್ತವೆ ಅಂದುಕೊಂಡಿದ್ದೆ! ಅವು ನೆಲ ಕೆದಕಲೇ ಇಲ್ಲ, ಮೇವಿನ ತಟ್ಟೆ ಬಿಟ್ಟು ಏಳಲಿಲ್ಲ. ಹದ್ದು ಬಂದರೆ ನಮ್ಮ ಹೇಂಟೆ ಕೂಗಿ, ಮರಿಗಳನ್ನು ಕರೆದುಕೊಂಡು ಬಾಳೆ ಬುಡ ಸೇರುತ್ತಿತ್ತು. ಇವು ತಲೆ ಎತ್ತಿ ನೋಡುತ್ತಾ ನಿಂತವು.

ನಾಟಿ ಕೋಳಿ ಒಂದೂವರೆ ಕಿಲೋ ಆಗಲು ಐದಾರು ತಿಂಗಳು ಬೇಕು. ಓಡಾಡಿ ಬಲಿತ ಮಾಂಸ, ಬೇಯಲೂ ಹೊತ್ತು ಬೇಕು, ಸಾರಿಗೆ ರುಚಿಯೂ ಅಲ್ಲಿಂದಲೇ. ಅಷ್ಟು ನಿಧಾನ ನಮಗೆ ಹೊರೆಯಾಗದಿರುವುದು ಹುಳ, ಗೆದ್ದಲು, ಎಂಜಲು, ಉದುರಿದ ಕಾಳು ಪುಕ್ಕಟೆ ಸಿಗುವುದರಿಂದ. ಹತ್ತು ಹದಿನೈದು ಕೋಳಿಗೆ ಹಿತ್ತಲು ಸಾಕು. ಬೆಲೆ ಚೆನ್ನಾಗಿದೆ ಅಂತ ನೂರು ಬಿಟ್ಟಿರೋ, ಐದಾರು ತಿಂಗಳ ಮೇವು ಅಂಗಡಿಯಿಂದ ಬರಬೇಕು. ಲಾಭ ಅಲ್ಲೇ ಕರಗಿತು. ಜಾಸ್ತಿ ತೂಕ ಬೇಕಾದವರಿಗೆ ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ತಳಿ ಇದೆ. ಆದರೆ ಅದು ಕಾವಿಗೆ ಕೂರುವುದು ಕಡಿಮೆ, ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗೇ ಇಡಬೇಕು.

ಶೆಡ್ಡಿನವರಿಂದ ಹಿತ್ತಲಿನವರು ಕಲಿಯಬೇಕಾದದ್ದು ಒಂದಿದೆ, ಲಸಿಕೆ. ಕೊಕ್ಕರೆ ರೋಗ ಬಂದರೆ ಕೇರಿಯ ಗೂಡುಗಳೆಲ್ಲ ಖಾಲಿ. ಮರಿಗೆ ಒಂದು ವಾರವಾದಾಗ ಕಣ್ಣಿಗೋ ಮೂಗಿಗೋ ಈ ರೋಗ ತಡೆಯುವ ಲಸೋಟಾ ಲಸಿಕೆ ಒಂದು ಹನಿ ಹಾಕಬೇಕು. ಮುಂದಿನದನ್ನು ಪಶು ಆಸ್ಪತ್ರೆಯಲ್ಲಿ ಕೇಳಿ. ಒಂದು ಸೀಸೆ ನೂರಾರು ಕೋಳಿಗೆ ಆಗುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ನಾಲ್ಕಾರು ಮನೆಯವರು ಸೇರಿ, ಐಸು ಹಾಕಿದ ಫ್ಲಾಸ್ಕಿನಲ್ಲಿ ತನ್ನಿ. ಕತ್ತಲಾಗಿ ಕೋಳಿ ಗೂಡು ಸೇರಿದ ಮೇಲೆ ಹಾಕಿ. ಹಗಲು ಹಿಡಿಯಲು ಹೋದರೆ ಕೇರಿಯೆಲ್ಲ ಓಡಬೇಕಾಗುತ್ತದೆ, ಅಲ್ವಾ?