ಆ ಕಾರ್ಡು ನಿಮ್ಮ ಬೀರುವಿನಲ್ಲಿ ಏಕಿದೆ?

ನಮಸ್ಕಾರ. ಚಿಕ್ಕಮಗಳೂರಿನಿಂದ ಮಾತನಾಡುತ್ತಿದ್ದೇನೆ. ಹಿಂದೆ ಕೇಳಿಸುತ್ತಿರುವುದು ಕೆಳಗಿನ ಮನೆಯ ಮಿಕ್ಸಿ. ಅವರ ಚಟ್ನಿ ಮುಗಿಯುವವರೆಗೆ ಸಹಿಸಿಕೊಳ್ಳಿ.

ಇವತ್ತು ಮೆಣಸಿನ ಬಳ್ಳಿಯ ಸೊರಗು ರೋಗದ ಬಗ್ಗೆ ಹೇಳಬೇಕೆಂದಿದ್ದೆ. ಕಳೆದ ವಿಡಿಯೊದ ಕೆಳಗೆ ಒಬ್ಬರು ಬರೆದದ್ದನ್ನು ಓದಿ ಆ ಹಾಳೆಯನ್ನು ಮಡಚಿಟ್ಟೆ. ಅವರ ಪ್ರೊಫೈಲ್ ಚಿತ್ರದಲ್ಲಿ ಬೆಳ್ಳಗೆ ಅರಳಿದ ಕಾಫಿ ಹೂವು. ಅಸ್ಸಾಮಿನಿಂದ ನಮ್ಮ ಕಾಫಿ ತೋಟಗಳಿಗೆ ದುಡಿಯಲು ಬರುವವರ ಬಗ್ಗೆ ಅವರ ಮಾತು ಮಾತ್ರ ಹೀಗಿದೆ: "ಆಧಾರ್ ಕಾರ್ಡ್ ತೆಗೆದಿಟ್ಟುಕೊಳ್ಳದಿದ್ದರೆ ಅಸ್ಸಾಮಿನವರು ರಾತ್ರೋರಾತ್ರಿ ಓಡಿಹೋಗುತ್ತಾರೆ. ತೋಟ ಮಾಡಿ ನೋಡು, ಗೊತ್ತಾಗುತ್ತದೆ."

ತೋಟ ಮಾಡಿದ್ದೇನೆ ಸ್ವಾಮಿ. ಆಲ್ದೂರಿನ ಕಡೆ ನಮ್ಮದೂ ನಾಲ್ಕು ಎಕರೆ ಇದೆ. ಅರ್ಧ ಫಸಲು ನಮಗೆ, ಅರ್ಧ ಮಂಗಗಳಿಗೆ. ಅದಿರಲಿ, ಓಡಿಹೋಗುತ್ತಾರೆ ಎಂದರೆ ಏನರ್ಥ? ಬೆಂಗಳೂರಿನ ಕಂಪನಿಯಲ್ಲಿ ನಿಮ್ಮ ಮಗ ಕೆಲಸ ಬಿಟ್ಟರೆ ರಾಜೀನಾಮೆ ಕೊಟ್ಟ ಎನ್ನುತ್ತೀರಿ. ತೋಟದ ಆಳುಗಳ ಲೈನ್ ಮನೆಯವನು ಗಂಟು ಕಟ್ಟಿಕೊಂಡು ಹೊರಟರೆ ಮಾತ್ರ ಓಡಿಹೋದ!

ಕೊಯ್ಲಿನ ಕಾಲದಲ್ಲಿ ಒಮ್ಮೆ ಆಸ್ಪತ್ರೆಯೊಂದರಲ್ಲಿ ಚೀಟಿ ಮಾಡಿಸಲು ನಿಂತಿದ್ದೆ. ನನ್ನ ಮುಂದೆ ಒಬ್ಬ ಹುಡುಗ, ಇಪ್ಪತ್ತೈದು ದಾಟಿರಲಾರದು. ಹೆಗಲ ಮೇಲೆ ಜ್ವರ ಬಂದ ಕೂಸು. ಕಾಫಿ ಹಣ್ಣಿನ ಅಂಟು ಹಿಡಿದು ಬೆರಳುಗಳೆಲ್ಲ ಕಪ್ಪಾಗಿದ್ದವು. ಆಧಾರ್ ಎಲ್ಲಿ ಎಂದು ಕೇಳಿದ್ದಕ್ಕೆ ಆತ ಹರಕು ಕನ್ನಡದಲ್ಲಿ ಹೇಳಿದ್ದು ಎರಡೇ ಪದ: "ಸಾಹುಕಾರ್ ಹತ್ತಿರ." ಕೌಂಟರಿನವರಿಗೆ ಆಶ್ಚರ್ಯವೇ ಆಗಲಿಲ್ಲ. ದಿನಾ ಕೇಳುವ ಉತ್ತರ ಇರಬೇಕು.

ಕಾರ್ಡು ಅವನದು. ಬೀರು ಸಾಹುಕಾರರದು. ಏಕೆ?

"ಮುಂಗಡ ಕೊಟ್ಟಿದ್ದೇವಲ್ಲ!" ಈ ಉತ್ತರ ಬರುತ್ತದೆಂದು ಗೊತ್ತಿತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ತೆರೆದು ನೋಡಿ. ಅದರಲ್ಲಿ ಅರ್ಥ ಬಿಡಿಸಿ ಹೇಳಿರುವ ಮೊತ್ತಮೊದಲ ಪದವೇ ಮುಂಗಡ. ಮುಂಗಡದ ಹೆಸರಿನಲ್ಲಿ ಒಬ್ಬನು ಬೇರೆ ಕಡೆ ಕೆಲಸಕ್ಕೆ ಹೋಗದಂತೆ, ಬೇಕಾದಲ್ಲಿ ಓಡಾಡದಂತೆ ತಡೆದು ದುಡಿಸಿದರೆ ಅದು ಜೀತ. ಅಂಥ ಜೀತದ ಸಾಲ ತೀರಿಸಬೇಕಾಗಿಯೇ ಇಲ್ಲ, ಕಾನೂನಿನ ಪ್ರಕಾರ ಅದು ವಜಾ. ದುಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, 2000 ರೂಪಾಯಿವರೆಗೆ ದಂಡ. ಎರಡು ಸಾವಿರ! ಈಗಿನ ಬೆಲೆಯಲ್ಲಿ ನಾಲ್ಕು ಕಿಲೋ ಒಳ್ಳೆಯ ಕಾಫಿಪುಡಿ ಬರುವುದಿಲ್ಲ. ಅಂದ ಹಾಗೆ ನನ್ನ ಹೆಂಡತಿ ಹುರಿದು ಪುಡಿ ಮಾಡುವ, ಚಿಕೋರಿ ಇಲ್ಲದ ಪುಡಿ ಬೇಕಾದವರು ವಿಡಿಯೊದ ಕೆಳಗಿನ ಸಂಖ್ಯೆಗೆ ಬರೆಯಿರಿ.

ಎಲ್ಲಿದ್ದೆ? ಕಾರ್ಡು. "ಕಳೆದುಹೋಗದಿರಲಿ ಎಂದು ಜೋಪಾನವಾಗಿ ಇಟ್ಟಿದ್ದೇವೆ" ಎನ್ನುತ್ತಾರೆ ಇನ್ನು ಕೆಲವರು. ಆಹಾ, ಎಂಥ ಕರುಣೆ! ಜೋಪಾನ ಮಾಡಿದವರು ಕೇಳಿದ ದಿನ ಕೊಡಬೇಕಲ್ಲ? "ಕೊಯ್ಲು ಮುಗಿಯಲಿ" ಎಂದು ಏಕೆ ಹೇಳುತ್ತೀರಿ? ಅರೇಬಿಕಾ ಕಾಫಿ ಮುಗಿದರೆ ರೊಬಸ್ಟಾ, ರೊಬಸ್ಟಾ ಮುಗಿದರೆ ಮೆಣಸು. ನಿಮ್ಮ ಕೊಯ್ಲು ಮುಗಿಯುವುದು ಯಾವಾಗ?

"ಎಲ್ಲ ತೋಟದವರೂ ಹಾಗಲ್ಲ" ಎಂದು ಸಿಟ್ಟಾಗುವವರೂ ಇದ್ದಾರೆ. ನಾನು ಎಲ್ಲರೂ ಎಂದೆನೇ? ಕುಂಬಳಕಾಯಿ ಕಳ್ಳ ಎಂದರೆ ನೀವೇಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀರಿ? ನಾನಂತೂ ಮುಟ್ಟಿ ನೋಡಿಕೊಂಡಿದ್ದೇನೆ. ನಮ್ಮ ಮನೆಯಲ್ಲೂ ಒಂದು ವರ್ಷ ಬಿಸ್ಕತ್ತಿನ ಡಬ್ಬಿಯೊಳಗೆ ರಬ್ಬರ್ ಬ್ಯಾಂಡ್ ಸುತ್ತಿದ ಏಳು ಕಾರ್ಡುಗಳಿದ್ದವು. ಆಳುಗಳನ್ನು ಕರೆತರುವ ಮೇಸ್ತ್ರಿ ತಂದುಕೊಟ್ಟ, ನಾವು ಇಟ್ಟುಕೊಂಡೆವು. ಏಕೆಂದು ನಾನೂ ಕೇಳಲಿಲ್ಲ. ಮರುವರ್ಷದಿಂದ ಬಿಟ್ಟೆವು. ಇಬ್ಬರು ಅರ್ಧಕ್ಕೇ ಹೋದರು, ನಿಜ. ಐವರು ಉಳಿದರು. ಹಣ್ಣು ಗಿಡದಲ್ಲೇ ಒಣಗಲಿಲ್ಲ, ಆಕಾಶವೂ ಕಳಚಿ ಬೀಳಲಿಲ್ಲ.

ಈ ನಾಡಿಗೆ ಕಾಫಿಯ ಏಳು ಬೀಜ ಬಚ್ಚಿಟ್ಟುಕೊಂಡು ಬಂದರೆಂದು ಹೇಳುವ ಸಂತ ಬಾಬಾ ಬುಡನ್ ಅವರನ್ನು ಗಿರಿ ಹತ್ತುವ ಮುನ್ನ ಯಾರೂ ಕಾರ್ಡ್ ಕೇಳಲಿಲ್ಲ. ಇದು ವಾದವಲ್ಲ ಎಂದು ನನಗೂ ಗೊತ್ತು. ಹೊಳೆಯಿತು, ಹೇಳಿದೆ. ವಾದಕ್ಕೆ ಇಲ್ಲಿ ಜಾಗವಾದರೂ ಎಲ್ಲಿದೆ? ಅವನ ಕಾರ್ಡು, ಅವನ ಜೇಬು!

ಕೂಲಿಯ ಮಾತು ಮುಂದಿನ ವಾರ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಅದಕ್ಕೆ ಬರುವ ಬೈಗುಳಗಳಿಗೆ ಈಗಲೇ ಸ್ವಾಗತ.

ಕಾಫಿ ಹೂವಿನ ಚಿತ್ರದವರೇ, ನಿಮಗೊಂದು ಪಂಥ. ನಿಮ್ಮ ಆಧಾರ್ ಕಾರ್ಡನ್ನು ಮೂರು ತಿಂಗಳು ನನಗೆ ಕೊಡಿ. ಜೋಪಾನವಾಗಿ ಇಡುತ್ತೇನೆ. ಬಿಸ್ಕತ್ತಿನ ಡಬ್ಬಿ ಈಗಲೂ ಅಟ್ಟದ ಮೇಲಿದೆ.

ಮಿಕ್ಸಿ ನಿಂತಿತು. ನಾನೂ ನಿಲ್ಲಿಸುತ್ತೇನೆ, ದೋಸೆ ತಣ್ಣಗಾಗುತ್ತಿದೆ.