ಹಳೆ ಊರಿನ ಮಗ್ಗುಲಲ್ಲಿ ಹೊಸ ಊರು

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಶಿರಸಿಯವರು ಇಷ್ಟು ಜನ ಸೇರಿದ್ದೀರಿ, ಬನವಾಸಿಯಿಂದಲೂ ಕೆಲವರು ಬಂದಿದ್ದೀರಿ. ಖುಷಿಯಾಯಿತು. ಹೋದ ಡಿಸೆಂಬರ್‌ನಲ್ಲಿ ಭುವನೇಶ್ವರಕ್ಕೆ ಹೋಗಿ ಬಂದಾಗಿನಿಂದ ನನ್ನ ತಲೆಯಲ್ಲಿ ಒಂದೇ ವಿಚಾರ ಸುತ್ತುತ್ತಿದೆ. ಹೇಳದೆ ಇರಲು ಆಗುತ್ತಿಲ್ಲ.

ನಮ್ಮಲ್ಲಿ ಊರು ಬೆಳೆಯಬೇಕು ಅಂದ ಕೂಡಲೇ ರಥಬೀದಿಯ ಮನೆಗಳ ಗೋಡೆಗೆ ಕೆಂಪು ಗುರುತು ಬೀಳುತ್ತದೆ. ಅಗಲ ಮಾಡಬೇಕು, ಕೆಡವಬೇಕು. 1948ರಲ್ಲಿ ಒಡಿಶಾದವರು ಹಾಗೆ ಮಾಡಲಿಲ್ಲ. ಕಟಕ್‌ನಲ್ಲಿದ್ದ ರಾಜಧಾನಿಯನ್ನು ಭುವನೇಶ್ವರಕ್ಕೆ ತರಬೇಕಿತ್ತು. ಲಿಂಗರಾಜ ದೇವಸ್ಥಾನದ ಸುತ್ತಲ ಹಳೆ ಊರನ್ನು ಅದರ ಪಾಡಿಗೆ ಬಿಟ್ಟು, ಮಗ್ಗುಲಲ್ಲಿ ಹೊಸ ಊರು ಕಟ್ಟಿದರು. ನಕ್ಷೆ ಹಾಕಿದವರು ಯಾರು ಗೊತ್ತಾ? ಒಟ್ಟೊ ಕೋನಿಗ್ಸ್‌ಬರ್ಗರ್. ಹಿಟ್ಲರ್ ಕಾಲದಲ್ಲಿ ಜರ್ಮನಿ ಬಿಟ್ಟು, 1939ರಲ್ಲಿ ನಮ್ಮ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದವರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅವರು ಕಟ್ಟಿಸಿದ್ದನ್ನು ನಮ್ಮ ಎಷ್ಟೋ ಮಕ್ಕಳು ದಿನಾ ನೋಡುತ್ತಾರೆ. ಭುವನೇಶ್ವರದ ನಕ್ಷೆ 40 ಸಾವಿರ ಜನರಿಗೆ ಅಂತ ಹಾಕಿದ್ದು. ಮಕ್ಕಳು ಶಾಲೆಗೆ ನಡೆದೇ ಹೋಗುವಷ್ಟು ಹತ್ತಿರ ಇರಬೇಕು ಅನ್ನುವುದು ಅವರ ಲೆಕ್ಕ. 2011ರ ಜನಗಣತಿ ಹೊತ್ತಿಗೆ ಜನ 8 ಲಕ್ಷ ದಾಟಿದ್ದರು.

ಈಗ ಊಟದ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಬಿಂದುಸಾಗರ ಕೆರೆಯ ದಡದಲ್ಲಿ ಅನಂತ ವಾಸುದೇವ ದೇವಸ್ಥಾನವಿದೆ. 13ನೇ ಶತಮಾನದ್ದು. ಅಲ್ಲಿ ಸೌದೆ ಒಲೆಯ ಮೇಲೆ, ಮಣ್ಣಿನ ಮಡಕೆಯಲ್ಲಿ ನೈವೇದ್ಯದ ಅಡುಗೆ. ನಾವು ಮಧ್ಯಾಹ್ನ ಹೋದೆವು. ನೆಲದ ಮೇಲೆ ಸಾಲಾಗಿ ಕೂರಿಸಿ ಬಾಳೆ ಎಲೆ ಹಾಕಿದರು. ಅನ್ನ, ಆಮೇಲೆ ತರಕಾರಿ ಹಾಕಿ ಬೇಯಿಸಿದ ಬೇಳೆ. ಅದಕ್ಕೆ ಅವರು ದಾಲ್ಮಾ ಅನ್ನುತ್ತಾರೆ. ನಮ್ಮನೆಯವಳು ಎಲೆ ಮೇಲೆ ಬೆರಳಾಡಿಸಿ, "ಬಟಾಟೆ ಇಲ್ಲ, ಟೊಮೆಟೊ ಇಲ್ಲ, ಈರುಳ್ಳಿ ಇಲ್ಲ. ಥೇಟ್ ನಮ್ಮ ಶ್ರಾದ್ಧದ ಅಡುಗೆ ಅಲ್ವಾ!" ಎಂದಳು. ನಗುತ್ತೀರಿ, ಆದರೆ ಆ ಮಾತು ನಿಜ. ನನ್ನ ಪಕ್ಕ ಒಬ್ಬ ಹುಡುಗ ಬಂದು ಕೂತ. ಕೊರಳಲ್ಲಿ ಕಂಪ್ಯೂಟರ್ ಕಂಪನಿಯ ಗುರುತಿನ ಚೀಟಿ. ಅದು ದಾಲ್ಮಾಕ್ಕೆ ಅದ್ದಬಾರದು ಅಂತ ಅಂಗಿ ಜೇಬಿನೊಳಗೆ ತುರುಕಿ, ಕಣ್ಣು ಮುಚ್ಚಿ ಒಂದು ಕ್ಷಣ ಕೈ ಮುಗಿದು, ಊಟಕ್ಕೆ ಕೈ ಹಾಕಿದ. ವಾರಕ್ಕೊಮ್ಮೆಯಾದರೂ ಬರುತ್ತಾನಂತೆ. ಆಫೀಸಿನಿಂದ ಬೈಕಿನಲ್ಲಿ ಅರ್ಧ ಗಂಟೆ.

ಆ ಕೆರೆ, ಆ ಒಲೆ, ಆ ಬೀದಿ ಉಳಿದಿದ್ದಕ್ಕೇ ಅವನು ಬರುತ್ತಾನೆ. ನಾನು ಹೇಳುತ್ತಿರುವುದು ಇಷ್ಟೇ. ಹೊಸದು ಬೇಕು, ಅದಕ್ಕೆ ಮಗ್ಗುಲಲ್ಲಿ ಜಾಗ ಹುಡುಕಬೇಕು. ಅಲ್ಲಿಯೂ ಇತ್ತೀಚೆಗೆ ಲಿಂಗರಾಜನ ಸುತ್ತ ಜಾಗ ತೆರವು ಮಾಡಲು ಹೋಗಿ ಹಳೆ ಕಟ್ಟಡಗಳು ಬಿದ್ದವು. ಅದನ್ನು ಕೇಳಿ ಹೊಟ್ಟೆ ಉರಿಯಿತು. ಬನವಾಸಿಯವರು ಮುಂದೆಯೇ ಕೂತಿದ್ದೀರಿ. ಮಧುಕೇಶ್ವರನ ಎದುರಿನ ಬೀದಿಯಲ್ಲಿ ಇನ್ನೂ ಹಳೆ ಜಗಲಿಗಳಿವೆ. ಅವನ್ನು ಕೆಡವಲು ಬಿಡಬೇಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷ. ಲಿಂಗರಾಜ 11ನೇ ಶತಮಾನದ್ದು. ಹರಿಹರ ಅಂತ ಪೂಜೆ, ಹಾಗಾಗಿ ಬಿಲ್ವ, ತುಳಸಿ ಎರಡೂ ಏರುತ್ತವೆ. ಮುಕ್ತೇಶ್ವರ ದೇವಸ್ಥಾನದ ಕಲ್ಲಿನ ತೋರಣ ನೋಡುವುದು ತಪ್ಪಿಸಬೇಡಿ. ಉದಯಗಿರಿ ಗುಡ್ಡದಲ್ಲಿ ಕಳಿಂಗದ ರಾಜ ಖಾರವೇಲನ ಶಾಸನವಿದೆ, ಅದನ್ನು ಇನ್ನೊಮ್ಮೆ ಹೇಳುತ್ತೇನೆ.

ಊರ ಹೊರಗೆ ಧೌಲಿ. ಅಲ್ಲಿ ಅಶೋಕನ ಶಾಸನದ ಮೇಲೆ ಬಂಡೆಯಿಂದ ಒಂದು ಆನೆ ಅರ್ಧ ಹೊರಗೆ ಬಂದು ನಿಂತಿದೆ. ಕಳಿಂಗ ಯುದ್ಧದ ಪಶ್ಚಾತ್ತಾಪ ಬೇರೆ ಕಡೆಯ ಶಾಸನಗಳಲ್ಲಿದೆ, ಆದರೆ ಕಳಿಂಗದವರ ಮುಂದೆ ಅದನ್ನು ಬರೆಸಿಲ್ಲ. ಅವರಿಗೆ ಬರೆಸಿದ್ದು ಎಲ್ಲ ಜನರೂ ನನ್ನ ಮಕ್ಕಳು ಅನ್ನುವ ಮಾತು. ಆ ಆನೆಯ ಫೋಟೊ ಮೊಬೈಲ್‌ನಲ್ಲಿದೆ. ಚಹಾ ಕುಡಿಯುವಾಗ ಬನ್ನಿ, ತೋರಿಸುತ್ತೇನೆ.