ಡಬ್ಬ, ಪೈಪು ಮತ್ತು ಪಳಗಿದ ಕೈ

ಸಭಿಕರೆಲ್ಲರಿಗೂ ನಮಸ್ಕಾರ.

ನಾನೇ ಮನೆಯಲ್ಲಿ ಕಟ್ಟಿದ ವಾದ್ಯಗಳೂ ಸೇರಿ ಈ ಮೇಜಿನ ಮೇಲಿರುವ ವಸ್ತುಗಳಲ್ಲಿ ನಿಮಗೆಲ್ಲ ನೋಡಿದೊಡನೆ ಗುರುತು ಸಿಗುವುದು ಒಂದೇ: ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ತಂದ ಈ ಪುಟ್ಟ ಪಿಟೀಲು. ಮಣ್ಣಿನ ಕುಡಿಕೆಯ ಬಾಯಿಗೆ ಕಾಗದ ಅಂಟಿಸಿ, ಬಿದಿರಿನ ಕಡ್ಡಿ ಸಿಕ್ಕಿಸಿ, ತಂತಿ ಎಳೆದು ಕಟ್ಟಿದರೆ ಇದು ಸಿದ್ಧ. ಮಾರುವವನ ಕೈಯಲ್ಲಿ ಸಿನಿಮಾ ಹಾಡನ್ನು ಪಲ್ಲವಿಯಿಂದ ಚರಣದವರೆಗೆ ನುಡಿಯುವ ಇದು, ಕೊಂಡು ಮನೆಗೆ ತಂದ ಮಗುವಿನ ಕೈಯಲ್ಲಿ ಕೀರಲು ದನಿಯ ಹೊರತು ಬೇರೇನನ್ನೂ ಹೊರಡಿಸುವುದಿಲ್ಲ. ಮಾರುವವನು ಒಳ್ಳೆಯದನ್ನು ತಾನಿಟ್ಟುಕೊಂಡು ಕೆಟ್ಟದ್ದನ್ನು ಕೊಟ್ಟನೆಂದು ಚಿಕ್ಕಂದಿನಲ್ಲಿ ನಾನೂ ಅತ್ತಿದ್ದೇನೆ. ವಾದ್ಯಗಳೆರಡೂ ಒಂದೇ, ಬೇರೆಯಾಗಿದ್ದದ್ದು ಕೈ ಎಂಬುದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಮನೆಯಲ್ಲಿ ವಾದ್ಯ ಕಟ್ಟುವ ನಮ್ಮಂಥವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಒಂದು ವಾರದಲ್ಲಿ ವಾದ್ಯ ಕಟ್ಟಿ, ಮರುವಾರವೇ ವೇದಿಕೆ ಹತ್ತಿ, ಮೂರನೆಯ ವಾರ ಅದನ್ನು ಅಟ್ಟಕ್ಕೆ ಹಾಕಿ ಇನ್ನೊಂದನ್ನು ಕಟ್ಟಲು ಕೂರುತ್ತೇವೆ.

ಹೊಸ ವಾದ್ಯ ಕೇವಲ ಹುಚ್ಚಿನಿಂದ ಹುಟ್ಟುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೈಕು ಬಳಕೆಗೆ ಬಾರದ ಕಾಲದಲ್ಲಿ ಕಚೇರಿಯ ಹಿಂದಿನ ಸಾಲಿಗೆ ದನಿ ಮುಟ್ಟಬೇಕೆಂದು ಮೈಸೂರಿನ ಪಿಟೀಲು ವಿದ್ವಾಂಸ ಚೌಡಯ್ಯನವರು (1895–1967) ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು. 1980ರಲ್ಲಿ ಅವರ ಹೆಸರಿನಲ್ಲಿ ತೆರೆದ, ಪಿಟೀಲಿನ ಆಕಾರದ ಸಭಾಭವನದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ಆ ಏಳು ತಂತಿಗಳ ಮೇಲೆ ಅವರು ಮಾಡಿದ ಅಭ್ಯಾಸವನ್ನೂ ನೆನೆಯಬೇಕು. ಒಂದು ತಂತಿಯ ಮೇಲೆ ಓಡಾಡಿದ ಬೆರಳು ಜೋಡಿ ತಂತಿಗಳನ್ನು ಒಟ್ಟಿಗೆ ಒತ್ತಿ ಗಮಕ ತೆಗೆಯುವುದು, ಎಂದರೆ ಸ್ವರವನ್ನು ತೂಗಿಸಿ ಜಾರಿಸುವುದು, ಸಣ್ಣ ಬದಲಾವಣೆಯಲ್ಲ. ಇದೇ ಬೆಂಗಳೂರಿನಲ್ಲಿ, ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ರೂಪಿಸಿದ, ಹಾಡುಗಾರಿಕೆಗೆ ಆಧಾರಸ್ವರ ಕೊಡುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೂ ಅಗತ್ಯದಿಂದ ಹುಟ್ಟಿದ್ದೇ. ಅದನ್ನು ಇಂದು ಪ್ರಯೋಗವೆಂದು ಯಾರೂ ಕರೆಯುವುದಿಲ್ಲ, ಸಂಗೀತ ಪಾಠದ ಮನೆಗಳಲ್ಲಿ ಅದು ಕಾಫಿ ಫಿಲ್ಟರಿನಷ್ಟೇ ಸಹಜವಾಗಿಬಿಟ್ಟಿದೆ.

ನನ್ನ ಅಗತ್ಯ ಇಷ್ಟು ದೊಡ್ಡದಾಗಿರಲಿಲ್ಲ. ಎಣ್ಣೆಯ ಖಾಲಿ ಡಬ್ಬವೊಂದು ಗುಜರಿಗೆ ಹೋಗುವ ಮೊದಲು ಬೆರಳಿಗೆ ತಾಗಿ ಗುಂಯ್ ಎಂದಿತು, ಅಷ್ಟೇ. ಅದಕ್ಕೆ ಮರದ ದಂಡಿಗೆ ಜೋಡಿಸಿ, ತಂತಿ ಬಿಗಿಯುವ ಬಿರಡೆ ಕೂರಿಸಿ, ಡಬ್ಬದ ಮೇಲೆ ತಂತಿಯನ್ನು ಹೊರುವ ಕುದುರೆಯಿಂದ 60 ಸೆಂಟಿಮೀಟರ್ ದೂರಕ್ಕೆ ಗಿಟಾರಿನ ಉಕ್ಕಿನ ತಂತಿ ಬಿಗಿದೆ. ಬೆರಳಿಡದ ತೆರೆದ ತಂತಿ ಷಡ್ಜವಾದರೆ, ಕುದುರೆಯಿಂದ 45 ಸೆಂಟಿಮೀಟರಿನಲ್ಲಿ ಶುದ್ಧ ಮಧ್ಯಮ, 40ರಲ್ಲಿ ಪಂಚಮ, 30ರಲ್ಲಿ ಮೇಲಿನ ಷಡ್ಜ ಸಿಗಬೇಕು. ಸಿಕ್ಕವು. ಆದರೆ ಪಂಚಮದ ಹತ್ತಿರ ಹೋದಾಗಲೆಲ್ಲ ಡಬ್ಬ ಬೊಬ್ಬೆ ಹೊಡೆದು, ಮರುಕ್ಷಣ ಸತ್ತ ದನಿ ಕೊಡುತ್ತಿತ್ತು. ಡಬ್ಬದ ತಗಡಿಗೂ ತನ್ನದೇ ಒಂದು ಸ್ವರವಿದೆ, ತಂತಿಯ ಸ್ವರ ಅದರ ಸಮೀಪಕ್ಕೆ ಬಂದೊಡನೆ ತಗಡು ತಂತಿಯ ಶಕ್ತಿಯನ್ನೆಲ್ಲ ಒಂದೇ ಗುಟುಕಿಗೆ ನುಂಗಿಬಿಡುತ್ತದೆ. ಸೈಕಲ್ ಟ್ಯೂಬಿನ ರಬ್ಬರ್ ಚೂರೊಂದನ್ನು ತಗಡಿನ ಹಿಂಭಾಗದಲ್ಲಿ ಅಂಟಿಸಿ, ಕಿತ್ತು, ಎರಡು ಬೆರಳು ಸರಿಸಿ ಮತ್ತೆ ಅಂಟಿಸಿ, ಹೀಗೆ ಹದಿನೈದು ಸಂಜೆ ಕಳೆದ ಮೇಲೆ ಬೊಬ್ಬೆ ತಗ್ಗಿತು. ತಂಬೂರಿಯಲ್ಲಿ ಮಾಡುವಂತೆ ಕುದುರೆಯ ಮೇಲೆ ತಂತಿಯಡಿಗೆ ಹತ್ತಿಯ ಎಳೆಯೊಂದನ್ನು, ದನಿಗೆ ಝೇಂಕಾರ ಕೊಡುವ ಜೀವಾಳಿಯಾಗಿ ಇಟ್ಟಾಗಲಂತೂ, ಎಣ್ಣೆ ಡಬ್ಬವೆಂಬುದನ್ನು ನಮ್ಮ ಮನೆಯವರೂ ಕೊಂಚ ಹೊತ್ತು ಮರೆತರು.

ದನಿ ದೊಡ್ಡದು ಮಾಡಲು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಪೀಜೋ ಬಿಲ್ಲೆ ಕೊಂಡೆ. ಹಿತ್ತಾಳೆಯ ಬಿಲ್ಲೆಯ ಮೇಲೆ ಪಿಂಗಾಣಿಯ ತೆಳುಪದರವಿರುವ ಇದು, ಕಂಪನದಿಂದ ಬಾಗಿದಾಗ ವಿದ್ಯುತ್ತು ಕೊಡುತ್ತದೆ. ಇದನ್ನು ನೇರವಾಗಿ ಮಿಕ್ಸರಿಗೆ ಕೊಟ್ಟರೆ ತಳದ ಸ್ವರಗಳೆಲ್ಲ ಸೋರಿಹೋಗಿ ರೇಡಿಯೋದ ಕರಕರ ಉಳಿಯುತ್ತದೆ, ಬಿಲ್ಲೆಯ ವಿದ್ಯುತ್ತನ್ನು ಕುಂದದಂತೆ ದಾಟಿಸಲು ನಡುವೆ ಸಣ್ಣದೊಂದು ಬಫರ್ ಸರ್ಕಿಟ್ ಇರಲೇಬೇಕು.

ಇನ್ನು ಈ ಪೈಪುಗಳು. ನಲ್ಲಿ ಕೆಲಸದ ಪಿವಿಸಿ ಪೈಪಿನ ಬಾಯಿಗೆ ಹವಾಯಿ ಚಪ್ಪಲಿಯಿಂದ ಹೊಡೆದರೆ ಒಳಗಿನ ಗಾಳಿ ನುಡಿಯುತ್ತದೆ. ಸೆಕೆಂಡಿಗೆ 120 ಕಂಪನದ ಷಡ್ಜ ಬೇಕಾದರೆ, ಎರಡೂ ಬಾಯಿ ತೆರೆದ ಪೈಪು ಲೆಕ್ಕದ ಪ್ರಕಾರ ಸುಮಾರು 144 ಸೆಂಟಿಮೀಟರ್ ಇರಬೇಕು. ಆದರೆ ಕಂಪಿಸುವ ಗಾಳಿ ಬಾಯಿಯಿಂದ ತುಸು ಆಚೆಗೂ ಚಾಚಿಕೊಳ್ಳುವುದರಿಂದ, 5 ಸೆಂಟಿಮೀಟರ್ ವ್ಯಾಸದ ಪೈಪನ್ನು ಸುಮಾರು 141ಕ್ಕೇ ಕತ್ತರಿಸಬೇಕಾಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿ, ಜನವರಿಯ ಬೆಳಗಿನ ಚಳಿಯಲ್ಲಿ ಮಹಡಿಯ ಮೇಲೆ ಡಬ್ಬಕ್ಕೂ ಪೈಪಿಗೂ ಶ್ರುತಿ ಸೇರಿಸಿಕೊಂಡು, ಸಂಜೆ ನಗರದ ಒಂದು ವೇದಿಕೆಯಲ್ಲಿ ಜೋರು ದೀಪಗಳ ಕೆಳಗೆ ಕುಳಿತೆ. ತಾಳದ ಎರಡನೆಯ ಆವರ್ತ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಮುಖ ಹಿಂಡಿದರು. ಗಾಳಿ ಒಂದು ಡಿಗ್ರಿ ಬಿಸಿಯೇರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹನ್ನೆರಡು ಡಿಗ್ರಿಗೆ ಪೈಪಿನ ಶ್ರುತಿ ನೂರಕ್ಕೆ ಎರಡರಷ್ಟು, ಎಂದರೆ ಅರ್ಧಸ್ವರದ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ) ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು, ಮೇಲೇರುತ್ತದೆ. ಉಕ್ಕಿನ ತಂತಿಯಾದರೋ ಬಿಸಿಗೆ ಹಿಗ್ಗಿ, ಸಡಿಲಗೊಂಡು, ಕೆಳಗಿಳಿಯುತ್ತದೆ. ಒಂದು ಏರಿತು, ಒಂದು ಇಳಿಯಿತು, ನಡುವೆ ನಾನು ಬೆವರಿದೆ. ಅಂದಿನಿಂದ ಪ್ರತಿ ಪೈಪಿನ ತುದಿಗೂ ಎಳೆದು ತಳ್ಳಬಹುದಾದ ತೋಳೊಂದನ್ನು, ಎಂದರೆ ಉದ್ದ ಹೊಂದಿಸುವ ತುಂಡು ಪೈಪನ್ನು, ಹಾಕಿದ್ದೇನೆ.

ಈ ಪೈಪುಗಳಲ್ಲಿ ತೋಡಿ ರಾಗ ನುಡಿಸಿ ತೋರಿಸಿ ಎಂದು ಕೇಳುವವರಿದ್ದಾರೆ. ನುಡಿಯುವುದಿಲ್ಲ. ಸ್ವರದಿಂದ ಸ್ವರಕ್ಕೆ ಜಾರಲಾರದ ವಾದ್ಯದಲ್ಲಿ ಗಾಂಧಾರವನ್ನು ತೂಗಿಸುವುದು ಹೇಗೆ? ತಾಳದ ಲಯವಿನ್ಯಾಸಗಳಾದ ಜತಿ, ಕೋರ್ವೆಗಳಿಗೆ ಮಾತ್ರ ಇವು ಚೆನ್ನಾಗಿ ಒಗ್ಗುತ್ತವೆ. ಗಮಕದ ಹೊಣೆಯನ್ನು ಡಬ್ಬಕ್ಕೆ ಬಿಟ್ಟಿದ್ದೇನೆ. ಯಾವ ಹೊಸ ವಾದ್ಯಕ್ಕೂ ಪಳಗಿದ ಕೈ ಬೇಕು. ಷಡ್ಜದಿಂದ ಮೇಲಿನ ಷಡ್ಜದವರೆಗಿನ ಸ್ಥಾಯಿಯನ್ನು 43 ಸ್ವರಸ್ಥಾನಗಳಾಗಿ ಒಡೆದ ಅಮೆರಿಕದ ಹ್ಯಾರಿ ಪಾರ್ಚ್ (1901–1974) ಪ್ರಯೋಗಾಲಯದ ದೊಡ್ಡ ಗಾಜಿನ ಬುರುಡೆಗಳನ್ನು ಕತ್ತರಿಸಿ ತೂಗುಹಾಕಿ ವಾದ್ಯ ಮಾಡಿದಾಗ, ಅದನ್ನು ನುಡಿಸುವವರನ್ನೂ ತಾನೇ ತಯಾರು ಮಾಡಬೇಕಾಯಿತು. 1913ರಲ್ಲಿ ಇಟಲಿಯ ಲುಯಿಜಿ ರುಸ್ಸೊಲೊ ಸದ್ದು ಹೊರಡಿಸುವ ಪೆಟ್ಟಿಗೆಗಳನ್ನು ಕಟ್ಟಿ ಕಚೇರಿ ಮಾಡಿದ. ಅವನ ಮೂಲ ಪೆಟ್ಟಿಗೆಗಳು ಇಂದು ಉಳಿದಿಲ್ಲ, ಬೇರೆಯವರು ಕಟ್ಟಿದ ಪ್ರತಿರೂಪಗಳಿವೆ. ಪೆಟ್ಟಿಗೆಯನ್ನು ನಕ್ಷೆ ನೋಡಿ ಮತ್ತೆ ಕಟ್ಟಬಹುದು, ಅದನ್ನು ತಿರುಗಿಸುತ್ತಿದ್ದ ಕೈಯ ಹದವನ್ನು ಯಾವ ನಕ್ಷೆಯಿಂದ ತರುವುದು?

ಮಾತು ಸಾಕು, ನುಡಿಸುತ್ತೇನೆ. ಈ ದೀಪಗಳ ಕೆಳಗೆ ಇಷ್ಟು ಹೊತ್ತು ನಿಂತ ಪೈಪುಗಳು ಆಗಲೇ ಮೇಲೇರಿರುತ್ತವೆ. ತೋಳುಗಳನ್ನು ಒಂದಿಷ್ಟು ಹೊರಗೆಳೆದು ಶ್ರುತಿ ಸೇರಿಸಿಕೊಳ್ಳಲು ಎರಡು ನಿಮಿಷ ಕೊಡಿ. ಅಷ್ಟರಲ್ಲಿ ಈ ಪರಿಷೆಯ ಪಿಟೀಲು ನಿಮ್ಮ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಿ ಬರಲಿ.